ಬಾಳಿಕೆ ಬಂದ ಗರಗಸ

ಕೊರಳ ಹತ್ತಿರದ ಗುಂಡಿಯೊಂದು ಉಳಿದಿತ್ತು. ಅದೊಂದನ್ನು ತಾನೇ ಹಾಕಿಕೊಳ್ಳುತ್ತೇನೆ ಎಂದು ಅವನು ಕನ್ನಡಿಯ ಮುಂದೆ ನಿಂತು ಬಹಳ ಹೊತ್ತಾಗಿತ್ತು. ಅವಳು ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಗುಂಡಿ ಕಾಜಾದ ಬಾಯಿಯವರೆಗೂ ಬರುತ್ತಿತ್ತು, ಅಷ್ಟರಲ್ಲಿ ಬೆರಳು ಅದನ್ನು ಬಿಟ್ಟುಬಿಡುತ್ತಿತ್ತು, ಬಿಟ್ಟದ್ದು ಬೆರಳಿಗೇ ಗೊತ್ತಾಗದೆ ಇನ್ನೂ ಹಿಡಿದುಕೊಂಡೇ ಇದ್ದೇನೆ ಎಂಬ ಭ್ರಮೆಯಲ್ಲಿ ಬರಿಗಾಳಿಯನ್ನು ತಿರುವುತ್ತಿತ್ತು. ಹೋಗಿ ಹಾಕಿಬಿಡಬಹುದಿತ್ತು, ಉಳಿದ ಗುಂಡಿಗಳನ್ನು ಹಾಕಿದವಳೂ ಅವಳೇ. ಆದರೆ ಮದುವೆಯಾದ ಹೊಸದರಲ್ಲಿ ಇದೇ ಬೆರಳು ಅವಳ ಕಾಲಿಗೆ ಚುಚ್ಚಿದ ಮುಳ್ಳನ್ನು ಸೂಜಿಯಿಲ್ಲದೆ ತೆಗೆದಿತ್ತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಅದು ನೆನಪಾಗಿ ಕಾಲು ಮುಂದೆ ಬರಲಿಲ್ಲ. ಕೊನೆಗೆ ಅವನು ಕನ್ನಡಿಯೊಳಗಿಂದಲೇ ಅವಳನ್ನು ಗದರಿದ. ‘ಏನು ನೋಡ್ತಾ ನಿಂತಿದೀಯಾ, ಸಿನಿಮಾ ನಡೀತಿದೆಯಾ ಇಲ್ಲಿ?’ ಅವಳು ಬಂದು ಗುಂಡಿ ಹಾಕಿದಳು. ಹಾಕುವಾಗ ಅವನ ಗಲ್ಲ ತಾಕಿತು. ಗಲ್ಲ ಬೆಚ್ಚಗಿತ್ತು, ಕೈ ಮಾತ್ರ ತಣ್ಣಗೆ, ಉಗುರಿನಿಂದ ಎರಡನೆಯ ಗೆಣ್ಣಿನವರೆಗೂ ಮೇಣದ ಬತ್ತಿಯ ಬಿಳುಪು. ಚಳಿಯ ಬೆಳಿಗ್ಗೆ ಯಾವಾಗಲೂ ಹಾಗೆಯೇ. ಇವತ್ತು ಡಿಪೋದಲ್ಲಿ ಸಮಾರಂಭವಿತ್ತು. ಹದಿನಾಲ್ಕು ವರ್ಷ ಒಂದೇ ಗರಗಸ ಇಟ್ಟುಕೊಂಡು ಮರ ಕೊಯ್ದವನಿಗೆ ದೀರ್ಘ ಬಾಳಿಕೆಯ ಬಹುಮಾನವಂತೆ. ಮನೆಯವರೂ ಬರಬೇಕಂತೆ.

ಬರಬೇಕಂತೆ ಬೇರೆ. ಅವಳು ಬರದಿದ್ದರೆ ಯಾರು ಬರಬೇಕು? ಆ ಗರಗಸಕ್ಕೆ ಇವತ್ತು ಹಲ್ಲು ನೆಟ್ಟಗಿದ್ದರೆ ಅದು ಯಾರಿಂದ ಎಂದು ಕೇಳುವವರಿಲ್ಲ, ಕೇಳಿದರೆ ಹೇಳುವ ಹಾಗೂ ಇಲ್ಲ. ಊರಿನ ಮರ ಕಡಿಯುವ ವಿಭಾಗದಲ್ಲಿ ಅವನ ಕೆಲಸ. ರಸ್ತೆಗೆ ಬಿದ್ದದ್ದು, ತಂತಿಗೆ ತಾಕಿದ್ದು, ಒಣಗಿ ಯಾರ ತಲೆಯ ಮೇಲೆ ಬೀಳುತ್ತದೋ ಎಂದು ನಿಂತದ್ದು, ಎಲ್ಲವನ್ನೂ ಅವನು ಆ ಪೆಟ್ರೋಲ್ ಗರಗಸದಲ್ಲಿ ಕೊಯ್ಯುತ್ತಾನೆ. ಡಿಪೋದಲ್ಲಿ ಬಿಟ್ಟರೆ ಕಂಡಕಂಡವರು ಮುಟ್ಟುತ್ತಾರೆಂದು ಸಂಜೆ ಮನೆಗೇ ಹೊತ್ತು ತರುತ್ತಾನೆ. ಅವಳಿಗೆ ವಿಷಯ ತಿಳಿದದ್ದು ಬಟ್ಟೆ ಒಗೆಯುವಾಗ. ಮೊದಲೆಲ್ಲ ಅವನ ಅಂಗಿಯ ಜೇಬಿನಿಂದ ಉಗುರಿನಷ್ಟು ಅಗಲದ ಮರದ ಚೂರು ಉದುರುತ್ತಿತ್ತು. ನಿಧಾನವಾಗಿ ಅದು ಸಣ್ಣದಾಗುತ್ತ ಬಂದು ಒಂದು ದಿನ ಬರೀ ಪುಡಿ ಬಂತು, ಹಿಟ್ಟಿನಂಥ ಪುಡಿ, ನೀರಿಗೆ ಬಿದ್ದ ಕೂಡಲೇ ಅಂಟಾಗುವಂಥದು. ಹಲ್ಲು ಹರಿತವಿದ್ದರೆ ಮರ ಚೂರಾಗಿ ಬರುತ್ತದೆ, ಮೊಂಡಾಗಿದ್ದರೆ ಪುಡಿಯಾಗುತ್ತದೆ. ಇದನ್ನು ಅವನೇ ಹಿಂದೊಮ್ಮೆ ಊಟಕ್ಕೆ ಕೂತಾಗ ಹೆಮ್ಮೆಯಿಂದ ಹೇಳಿದ್ದ. ಅವಳು ಒದ್ದೆ ಕೈಯಲ್ಲೇ ಬಂದು, ‘ರೀ, ಗರಗಸ ಮೊಂಡಾಗಿದೆಯಲ್ಲಾ’ ಎಂದಳು. ಅವನು ಹರಿಹಾಯ್ದ. ನಿನ್ನ ಕೆಲಸ ನೀನು ನೋಡ್ಕೋ ಎಂದ. ಆಮೇಲೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗಿನಿಂದ ಹಲ್ಲು ಮಸೆಯುವ ಅರದ ಸದ್ದು ಬರುತ್ತಿತ್ತು. ಒಮ್ಮೆ ಕಿರ್ರೆಂದು, ಒಮ್ಮೆ ಬರೀ ಸವರಿದ ಹಾಗೆ, ಒಮ್ಮೆ ಏನೂ ಇಲ್ಲ. ಹೊಲಿಗೆಯಂತ್ರದ ಕೆಲಸ ಕಲಿತ ಅವಳ ಕಿವಿಗೆ ಏರುಪೇರಿನ ಸದ್ದು ಹಲ್ಲುನೋವಿನ ಹಾಗೆ. ತಡೆದುಕೊಳ್ಳಲಾಗದೆ ಬಾಗಿಲು ತಳ್ಳಿದಳು. ಅವನು ಅರವನ್ನು ಎರಡು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದ, ಮಕ್ಕಳು ಮೊದಲ ಸಲ ಪೆನ್ಸಿಲು ಹಿಡಿದ ಹಾಗೆ. ತಲೆಯೆತ್ತಲಿಲ್ಲ. ‘ಕೈಗೆ ಗೊತ್ತಾಗ್ತಿಲ್ಲ ಕಣೆ’ ಎಂದ.

ಅವತ್ತಿನಿಂದ ಅರ ಅವಳ ಕೈಗೆ ಬಂತು. ಹೇಳಿಕೊಡುವಾಗ ಅವನ ಗತ್ತೇ ಗತ್ತು. ‘ಹಲ್ಲಿಗೆ ಮೂರು ಸಲ. ಒಳಗಿಂದ ಹೊರಕ್ಕೆ ತಳ್ಳು, ವಾಪಸ್ ಎಳೀಬೇಡ. ಒಂದು ಹಲ್ಲು ಎಡಕ್ಕೆ, ಪಕ್ಕದ್ದು ಬಲಕ್ಕೆ. ಎರಡೂ ಕಡೆ ಸಮ ಇರ್ಬೇಕು, ಇಲ್ಲಾಂದ್ರೆ ಕೊಯ್ಯೋವಾಗ ಒಂದು ಕಡೆಗೇ ಎಳೆಯುತ್ತೆ.’ ಒಂದು ಕಡೆಗೇ ಎಳೆಯೋದು ನಿಮ್ಮ ವಂಶದಲ್ಲೇ ಇದೆ ಬಿಡಿ ಎಂದು ಅವಳು ನಕ್ಕಿದ್ದಳು. ಅವನೂ ನಕ್ಕಿದ್ದ. ಚೈನು ಬಿಸಿಯಿದ್ದಾಗ ಬಿಗಿ ಮಾಡಬಾರದು, ಆರಿದ ಮೇಲೆ ಕುಗ್ಗಿ ತಾನು ಓಡುವ ಪಟ್ಟಿಯನ್ನೇ ಹಿಂಡುತ್ತದೆ. ಪಟ್ಟಿಯನ್ನು ಆಗಾಗ ಮಗುಚಿ ಹಾಕಬೇಕು, ಒಂದೇ ಅಂಚು ಸವೆಯಬಾರದು. ಅದರ ಕಾಲುವೆಯಲ್ಲಿ ಕೂತ ಕೊಳೆಯನ್ನು ತಂತಿಯಿಂದ ಕೆರೆದು ತೆಗೆಯಬೇಕು. ಗಾಳಿಯ ಜಾಲರಿಯನ್ನು ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಆರಿಸಬೇಕು. ಎಲ್ಲಕ್ಕಿಂತ ದೊಡ್ಡ ಮಾತೊಂದನ್ನು ಅವನು ಕೆಂಪೆಣ್ಣೆಯ ಬಾಟಲಿಯನ್ನು ಅವಳ ಮೂಗಿನ ಮುಂದೆ ಹಿಡಿದು ಹೇಳಿದ್ದ. ‘ಪೆಟ್ರೋಲಿಗೆ ಇದನ್ನ ಬೆರೆಸದೆ ಹಾಕಿದ್ಯೋ, ಮುಗೀತು ಕತೆ. ಒಳಗೆ ಪಿಸ್ಟನ್ನು ಕಚ್ಕೊಂಡ್ಬಿಡುತ್ತೆ. ಆಮೇಲೆ ಬ್ರಹ್ಮ ಬಂದ್ರೂ ಬಿಡಿಸಕ್ಕಾಗಲ್ಲ.’ ಅವಳು ಮಾಡಿದಳು. ತನ್ನ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳಲು ಪುರುಸೊತ್ತಿಲ್ಲದವಳು ಅದರ ಪಟ್ಟಿಗೆ ದಿನವೂ ಎಣ್ಣೆ ಬಿಟ್ಟಳು. ಜೇಬಿನಲ್ಲಿ ಮತ್ತೆ ಚೂರು ಬರತೊಡಗಿತು. ಅದನ್ನು ನೀರಿಗೆ ಹಾಕುವ ಮೊದಲು ಅಂಗೈಯಲ್ಲಿಟ್ಟು ನೋಡಿಕೊಳ್ಳುವಾಗ ಅವಳಿಗೆ ಸುಳ್ಳಲ್ಲದ ಸಂತೋಷವೂ ಆಗುತ್ತಿತ್ತು. ಒಂದೇ ಕರಾರು, ಯಾರಿಗೂ ಹೇಳಬಾರದು. ಹೇಳಿದರೆ ತಾನು ‘ಗೇಟು’ ಆಗುತ್ತೇನೆ ಎಂದು ಅವನ ಭಯ. ಡಿಪೋದ ಬಾಗಿಲಲ್ಲಿ ಒಬ್ಬ ಕೂತಿರುತ್ತಾನೆ, ಕಿವಿ ಹೋದ ಮೇಲೆ ಲಾರಿ ಬಂದಾಗ ಅಡ್ಡಗಂಬ ಎತ್ತಲಿಕ್ಕೆ ಅಂತ ಕೂರಿಸಿದವನು. ಒಂದು ಕಾಲಕ್ಕೆ ಎತ್ತರದ ಮರ ಹತ್ತುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲವಂತೆ. ಈಗ ಅವನನ್ನು ಎಲ್ಲರೂ ಗೇಟು ಅಂತಲೇ ಕರೆಯುವುದು. ಗೇಟು ಊಟ ಮಾಡ್ತಿದೆ, ಗೇಟು ರಜ ಹಾಕಿದೆ.

ಸಭೆ ನಡೆದದ್ದು ಡಿಪೋದ ಉದ್ದನೆಯ ಶೆಡ್ಡಿನಲ್ಲಿ. ಲಾರಿಗಳನ್ನು ಹೊರಗೆ ನಿಲ್ಲಿಸಿ ಒಳಗೆ ಕುರ್ಚಿ ಹಾಕಿದ್ದರು. ನೆಲಕ್ಕೆ ನೀರು ಹೊಡೆದಿದ್ದರೂ ಡೀಸೆಲಿನ ವಾಸನೆ ಹೋಗಿರಲಿಲ್ಲ. ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲಿ ಬಂದು ಕೂತವನು ಗಂಡನ ಜೊತೆಯ ಕೆಲಸಗಾರ, ಎಲ್ಲರ ಬಾಯಲ್ಲಿ ಬಿರುಗಾಳಿ. ಮರ ಕಂಡರೆ ನುಗ್ಗಿ ಒತ್ತಿ ಕೊಯ್ಯುವುದು, ಚೈನು ಕಲ್ಲಿಗೆ ತಾಗಿದರೂ ನಿಲ್ಲಿಸದಿರುವುದು, ಅರ ಎನ್ನುವುದನ್ನು ಬೆನ್ನು ಕೆರೆದುಕೊಳ್ಳಲಿಕ್ಕೆ ಬಳಸುವುದು, ಇವು ಅವನ ಕೀರ್ತಿ. ಅವನು ಕಿತ್ತಳೆಹಣ್ಣೊಂದನ್ನು ಸುಲಿಯುತ್ತಿದ್ದ. ಸಿಪ್ಪೆ ಒಂದೇ ಸುರುಳಿಯಾಗಿ ಬಂತು, ಆಮೇಲೆ ಎಸಳಿನ ಮೇಲಿನ ಬಿಳಿ ನಾರನ್ನು ಕೂಡ ಎರಡು ಬೆರಳಲ್ಲಿ ಒಂದೊಂದಾಗಿ ಬಿಡಿಸಿದ. ‘ತಗೊಳ್ಳಿ ಅತ್ತಿಗೆ’ ಎಂದು ಎರಡು ಎಸಳು ಕೊಟ್ಟ. ‘ಅಣ್ಣನ ಮುಂದೆ ನಾವೆಲ್ಲ ಯಾವ ಲೆಕ್ಕ. ನಂದು ಇದು ನಾಲ್ಕನೇ ಮಿಷನ್ನು. ನನ್ನ ಕೈಗೆ ಬಂತು ಅಂದ್ರೆ ಅದರ ಆಯಸ್ಸು ಮುಗೀತು ಅಂತಾನೇ.’ ಅವಳು ಆ ಬೆರಳುಗಳನ್ನು ನೋಡುತ್ತ ಕೂತಳು. ದಪ್ಪ, ಕೆಂಪು, ಚುರುಕು. ಹಣ್ಣು ಬಾಯಲ್ಲಿ ಹುಳಿಯಾಯಿತು. ಒಂದೇ ದಿನ ಸೇರಿದವರು ಇಬ್ಬರೂ, ಒಂದೇ ಕೆಲಸ, ಒಂದೇ ಮರ. ಇವನ ಕೈಗೆ ಯಾಕೆ ಏನೂ ಆಗಿಲ್ಲ ಎಂಬ ಪ್ರಶ್ನೆ ಅವಳಿಗೆ ಬಂತು. ಬಂದ ಕೂಡಲೇ ಛೇ, ಬೇರೆಯವರ ಕೈ ಚೆನ್ನಾಗಿದ್ದರೆ ನನಗ್ಯಾಕೆ ಹೊಟ್ಟೆಯುರಿ ಎಂದು ತಳ್ಳಿಹಾಕಿದಳು.

ವೇದಿಕೆಯ ಮೇಲೆ ಮೇಲಧಿಕಾರಿ ಮಾತಾಡುತ್ತಿದ್ದ. ಪಕ್ಕದ ಮೇಜಿನ ಮೇಲೆ ಬಟ್ಟೆ ಹಾಸಿ ಗರಗಸವನ್ನು ಮಲಗಿಸಿದ್ದರು. ಅವಳೇ ನಿನ್ನೆ ಒರೆಸಿ ಹೊಳಪು ಮಾಡಿದ್ದು. ‘ಇವರು ಇದನ್ನ ಹೆಂಡತೀನ ನೋಡ್ಕೊಂಡ ಹಾಗೆ ನೋಡ್ಕೊಂಡಿದಾರೆ’ ಎಂದ ಅಧಿಕಾರಿ. ಶೆಡ್ಡೆಲ್ಲ ನಕ್ಕಿತು, ತಲೆಗಳು ಅವಳ ಕಡೆ ತಿರುಗಿದವು. ಹೆಂಡತಿಯನ್ನು ನೋಡಿಕೊಂಡ ಹಾಗಂತೆ. ಯಾವ ಹೆಂಡತಿಗೆ ಯಾವ ಗಂಡ ದಿನಾ ಸಂಜೆ ಎಲ್ಲಿ ಸವೆದಿದೆ, ಎಲ್ಲಿ ಬಿಗಿಯಾಗಿದೆ ಎಂದು ಮುಟ್ಟಿ ಮುಟ್ಟಿ ನೋಡಿದ್ದಾನೆ? ಅವಳಿಗೆ ಸಿಟ್ಟು ನೆತ್ತಿಗೇರಿದರೂ ಮುಖ ತಾನಾಗಿಯೇ ನಕ್ಕಿತು, ಎಲ್ಲರೂ ನೋಡುತ್ತಿರುವಾಗ ಹೆಂಗಸಿನ ಮುಖ ನಗುವ ಹಾಗೆ. ಆ ನಗುವಿಗಾಗಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಬಹುಮಾನವೆಂದು ಒಂದು ಸ್ಟೀಲಿನ ಫ್ಲಾಸ್ಕು ಕೊಟ್ಟರು, ತಿರುಗಿಸಿ ತೆಗೆಯುವ ಮುಚ್ಚಳದ್ದು. ಅವನು ಅದನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದುಕೊಂಡ. ಬೀಳಿಸದಿರಲಿ ಎಂದು ಅವಳು ಉಸಿರು ಬಿಗಿಹಿಡಿದಳು. ಮುಗಿಯಿತು, ಇನ್ನು ಇಳಿದು ಬರುತ್ತಾನೆ ಎನ್ನುವಷ್ಟರಲ್ಲಿ ಅಧಿಕಾರಿಗೆ ಒಂದು ಹುಮ್ಮಸ್ಸು ಬಂತು. ‘ಹೇಗೂ ಹೊಸಬರಿದಾರೆ. ಚೈನು ಹೇಗೆ ಹರಿತ ಮಾಡ್ಬೇಕು ಅಂತ ಒಂದು ಸಲ ತೋರಿಸಿಬಿಡಿ.’ ಯಾರೋ ಓಡಿಹೋಗಿ ಅರ ತಂದುಕೊಟ್ಟರು.

ಅವನು ಒಮ್ಮೆ ಅವಳ ಕಡೆ ನೋಡಿದ. ಆ ನೋಟವನ್ನು ಅವಳು ಸಾಯುವತನಕ ಮರೆಯುವುದಿಲ್ಲ. ಬೇಡ ಅನ್ನಿ ಎಂದು ಅವಳು ಕಣ್ಣಲ್ಲೇ ಹೇಳಿದಳು. ಅವನು ಅರ ತೆಗೆದುಕೊಂಡ. ಮೊದಲ ಹಲ್ಲಿಗೆ ಸರಿಯಾಗಿ ಕೂರಿಸಿದ, ಕಣ್ಣಿನ ಲೆಕ್ಕದಲ್ಲಿ. ಮೂರು ಸಲ ತಳ್ಳಿದ. ಸದ್ದು ಏರುಪೇರಾದದ್ದು ಅವಳಿಗೆ ಮಾತ್ರ ಕೇಳಿಸಿತು. ಎರಡನೆಯ ಹಲ್ಲಿನಲ್ಲಿ ಅರ ಜಾರಿತು, ಎಡಗೈಯ ತೋರುಬೆರಳು ಪಕ್ಕದ ಹಲ್ಲಿಗೆ ಹೋಗಿ ಬಡಿಯಿತು. ಅವನು ತಳ್ಳುತ್ತಲೇ ಇದ್ದ. ರಕ್ತ ಬೆರಳಿನಿಂದ ಚೈನಿಗೆ, ಚೈನಿನಿಂದ ಬಿಳಿ ಬಟ್ಟೆಗೆ ಇಳಿಯಿತು, ಬಟ್ಟೆಯ ಮೇಲೆ ಹರಡಿತು. ಅವನು ಮೂರನೆಯ ಹಲ್ಲಿಗೆ ಹೋದ, ನಾಲ್ಕನೆಯದಕ್ಕೆ ಹೋದ. ಗಾಯವಾದದ್ದು ಶೆಡ್ಡಿನಲ್ಲಿದ್ದ ಎಲ್ಲರಿಗೂ ಗೊತ್ತಾಗಿತ್ತು, ಅವನೊಬ್ಬನಿಗೆ ಬಿಟ್ಟು. ಈಗ ಯಾರಾದರೂ ಕೇಳುತ್ತಾರೆ, ಈಗಲಾದರೂ ಕೇಳಿಯೇ ಕೇಳುತ್ತಾರೆ ಎಂದುಕೊಂಡಳು. ಅಧಿಕಾರಿ ಮೈಕಿಗೆ ಬಾಯಿ ಹಚ್ಚಿದ. ‘ನೋಡಿದ್ರಾ? ರಕ್ತ ಬಂದ್ರೂ ಗಮನ ಆಚೀಚೆ ಹೋಗ್ಲಿಲ್ಲ. ಶ್ರದ್ಧೆ ಅಂದ್ರೆ ಇದು.’ ಚಪ್ಪಾಳೆ ಬಿತ್ತು. ಬಿರುಗಾಳಿ ಎದ್ದುನಿಂತು ತಟ್ಟಿದ.

ಅವಳು ಯಾವಾಗ ಎದ್ದಳೋ, ಮೆಟ್ಟಿಲು ಹೇಗೆ ಹತ್ತಿದಳೋ ತಿಳಿಯದು. ಕರವಸ್ತ್ರ ಸುತ್ತುವಾಗ ಅವನು ಬಾಯಿ ಅಲ್ಲಾಡಿಸದೆ ಹೇಳಿದ, ‘ಕೂತ್ಕೋ ಹೋಗು. ಮಾನ ಕಳೀಬೇಡ.’ ಅವಳ ಗಂಟಲಲ್ಲಿ ಮಾತು ಇತ್ತು. ಇವರಿಗೆ ಬೆರಳು ಸತ್ತಿದೆ, ನಿಮ್ಮ ಕಣ್ಣಿಗೆ ಮಣ್ಣು ಬಿದ್ದಿದೆಯಾ ಅಂತ ಅಷ್ಟೇ. ಮೈಕು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಆದರೆ ಅವನು ಆ ಬಿಳಿ ಬೆರಳುಗಳನ್ನು ಅವಳ ಮುಷ್ಟಿಯೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದ, ಅಮ್ಮನ ಹಿಂದೆ ಅಡಗುವ ಮಗುವಿನ ಹಾಗೆ. ಮಾತು ನುಂಗಿದಳು. ‘ಮನೆಯವರ ಪ್ರೋತ್ಸಾಹ ಅಂದ್ರೆ ಹೀಗಿರ್ಬೇಕು’ ಎಂದ ಅಧಿಕಾರಿ. ಮತ್ತೆ ಚಪ್ಪಾಳೆ.

ಚಹಾ ಕೊಡುತ್ತಿದ್ದಾಗ ಅವಳು ಶೆಡ್ಡಿನ ಹಿಂದೆ, ಕೊಳಾಯಿಯ ಹತ್ತಿರ, ಕರವಸ್ತ್ರ ಹಿಂಡುತ್ತಿದ್ದಳು. ಡಿಪೋದ ಮೆಕ್ಯಾನಿಕ್ಕು ಲೋಟ ಹಿಡಿದು ಬಂದ. ವಯಸ್ಸಾದವನು, ಯಾರ ಮುಖವನ್ನೂ ನೋಡದೆ ಮಾತಾಡುವವನು. ‘ಎಷ್ಟು ದಿನದಿಂದ ಹೀಗಿದೆಯಕ್ಕ?’ ಎಂದ. ಏನು ಹೀಗೆ ಎಂದಳು. ‘ನನ್ನ ಹತ್ರ ಮುಚ್ಚಿಟ್ಟು ಏನು ಪ್ರಯೋಜನ? ಹಳೇ ಮಿಷನ್ನಿಗೆ ಹಿಡಿಯಲ್ಲಿ ರಬ್ಬರು ಇರುತ್ತೆ, ಅದುರೋದು ಕೈಗೆ ಬರಬಾರದು ಅಂತ. ಆರೇಳು ವರ್ಷಕ್ಕೆ ಅದು ಕಲ್ಲಾಗುತ್ತೆ. ಆಮೇಲೆ ಎಲ್ಲಾ ನಡುಕ ನೇರ ಮೂಳೆಗೆ. ಈಗ ಆ ರಬ್ಬರು ತಯಾರಾಗೋದೂ ನಿಂತುಹೋಯ್ತು. ಹೊಸದರಲ್ಲಿ ಸ್ಪ್ರಿಂಗ್ ಇದೆ, ಗೊತ್ತೇ ಆಗಲ್ಲ.’ ಮತ್ತೆ ಹೊಸದು ಯಾಕೆ ಕೊಡಲಿಲ್ಲ ಎಂದು ಅವಳು ಕೇಳಿದಳು. ಮೆಕ್ಯಾನಿಕ್ಕು ಚಹಾ ಊದಿದ. ‘ಕೆಟ್ಟೋಗಿದ್ರೆ ತಾನೇ ಕೊಡೋದು? ನಾನು ಹೇಳಿದೀನಿ, ಹಳೇದಾಯ್ತು ತೆಗೆದುಹಾಕಿ ಅಂತ. ಓಡ್ತಾ ಇದೆಯಲ್ಲಾ ಅಂತಾರೆ ಮೇಲಿನವರು. ಬಿರುಗಾಳಿ ಮೂರು ಹಾಳು ಮಾಡಿದ, ಮೂರು ಹೊಸದು ಬಂತು. ನಿಮ್ಮವರು ಇದನ್ನ ಸಾಯೋಕೆ ಬಿಡ್ಲಿಲ್ಲ.’ ಲೋಟದ ತಳದಲ್ಲಿ ಉಳಿದ ಚಹಾವನ್ನು ನೆಲಕ್ಕೆ ಚೆಲ್ಲಿದ. ‘ಈಗಲಾದ್ರೂ ಕೈಬಿಟ್ರೆ ಇಷ್ಟಕ್ಕೇ ನಿಲ್ಲಬಹುದು. ಇನ್ನೊಂದು ಚಳಿಗಾಲ ಇದನ್ನೇ ಹಿಡಿದ್ರೆ ಬೆರಳು ಕಪ್ಪಾಗುತ್ತೆ. ಆಮೇಲೆ ತೆಗೀಬೇಕಾಗುತ್ತೆ, ನೋಡಿದೀನಿ ನಾನು.’

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನುತ್ತಾರೆ, ಅದು ಸುಳ್ಳಲ್ಲ. ಮನೆಯ ಕಡೆ ಹೋಗುವ ಬಸ್ಸಿನಲ್ಲಿ ಅವನು ಗರಗಸವನ್ನು ಕಾಲಸಂದಿಯಲ್ಲಿ ನಿಲ್ಲಿಸಿಕೊಂಡು ಫ್ಲಾಸ್ಕಿನ ಮುಚ್ಚಳ ತಿರುಗಿಸಲು ನೋಡುತ್ತಿದ್ದ. ಅಂಗೈ ಜಾರುತ್ತಿತ್ತು. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ತಿಳಿಯದ ಸಿಟ್ಟು ಅದು, ಎಲ್ಲರ ಮೇಲೂ ಹರಿದು ಕೊನೆಗೆ ತನ್ನ ಬುಡಕ್ಕೇ ಬಂದು ನಿಲ್ಲುವಂಥದು. ಆ ಅಧಿಕಾರಿಯ ಮೇಲೆ, ಎದ್ದುನಿಂತು ಚಪ್ಪಾಳೆ ತಟ್ಟಿದ ಆ ಕಿತ್ತಳೆಹಣ್ಣಿನ ಕೈಗಳ ಮೇಲೆ, ಒಂದು ಸಲ ಬಾಯಿಬಿಟ್ಟು ಹೊಸದು ಕೊಡಿ ಎನ್ನದ ಈ ಮನುಷ್ಯನ ಮೇಲೆ. ಮತ್ತೆ ತಾನು? ಹಲ್ಲು ಮೊಂಡಾದಾಗ ಅದು ಹಾಗೇ ಸಾಯುತ್ತಿತ್ತು. ಅವನ ಕೈಯಲ್ಲಿ ಅದನ್ನು ಉಳಿಸುವ ಶಕ್ತಿ ಇರಲಿಲ್ಲ, ಕೈ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿತ್ತು. ಉಳಿಸಿದವಳು ಇವಳು. ಜಾಣೆ ಎನ್ನಿಸಿಕೊಳ್ಳಬೇಕಿತ್ತಲ್ಲ. ಹಲ್ಲಿಗೆ ಮೂರು ಸಲ, ಒಳಗಿಂದ ಹೊರಕ್ಕೆ, ಸಂಜೆ ಸಂಜೆ ಕೂತು ಅವನ ಬೆರಳನ್ನೇ ಅರದಲ್ಲಿ ಉಜ್ಜಿದ ಹಾಗಾಯಿತು. ಜೇಬಿನ ಚೂರು ನೋಡಿ ಹಿಗ್ಗಿದವಳು ಅದೇ ಅಂಗಿ ಕಳಚಿದ ಕೈಯನ್ನು ಯಾಕೆ ನೋಡಲಿಲ್ಲ? ನೋಡಿದ್ದಳು. ಬಿಸಿನೀರಲ್ಲಿ ಅದ್ದಿ ಎಂದಿದ್ದಳು, ಅಷ್ಟೇ. ‘ಹೊಸದು ಕೇಳಬಾರದಿತ್ತಾ?’ ಎಂದಳು ಕಿಟಕಿಗೆ. ಅವನು ಮುಚ್ಚಳ ಬಿಟ್ಟ. ‘ಏನಂತ ಕೇಳ್ಲಿ? ಚೆನ್ನಾಗಿರೋದನ್ನ ಕೆಟ್ಟಿದೆ ಅಂತ ಹೇಳಕ್ಕೆ ನನ್ನ ಬಾಯಲ್ಲಿ ಬರಲ್ಲ.’ ‘ಕೈ ಕೆಟ್ಟಿದೆ ಅನ್ನಿ.’ ‘ಕೈ ಕೆಟ್ಟಿದೆ ಅಂದ್ರೆ ಹೊಸ ಮಿಷನ್ನು ಕೊಡಲ್ಲ ಕಣೆ, ಗೇಟಿನ ಕುರ್ಚಿ ಕೊಡ್ತಾರೆ.’ ಇಳಿಯುವ ಮೊದಲು ಅವಳು ಫ್ಲಾಸ್ಕು ಕಿತ್ತುಕೊಂಡು ಮುಚ್ಚಳ ತೆಗೆದು ಅವನ ಕೈಗಿತ್ತಳು. ಒಳಗೆ ಖಾಲಿ, ಹೊಸ ಸ್ಟೀಲಿನ ವಾಸನೆ ಮಾತ್ರ ಇತ್ತು.

ಮರುದಿನ ಬೆಳಿಗ್ಗೆ ಅವಳು ಹಿತ್ತಲಿನಲ್ಲಿ ಗರಗಸವನ್ನು ಮಣೆಯ ಮೇಲಿಟ್ಟುಕೊಂಡು ಕೂತಳು. ಅವನು ಹಳೆಯ ಬಟ್ಟೆಯ ಪಟ್ಟಿ ಸುತ್ತಿದ ಬೆರಳನ್ನು ಬಿಸಿನೀರಿನ ಬಟ್ಟಲಿನಿಂದ ಮೇಲಕ್ಕೆತ್ತಿ ಹಿಡಿದು, ಉಳಿದವನ್ನು ಅದ್ದಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಟ್ಯಾಂಕು ಖಾಲಿ ಮಾಡಿದಳು. ಪೆಟ್ರೋಲಿನ ಕ್ಯಾನು ತೆಗೆದಳು. ಕೆಂಪೆಣ್ಣೆಯ ಬಾಟಲಿ ಪಕ್ಕದಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಎಣ್ಣೆ ಬೆರೆತಾಗ ಪೆಟ್ರೋಲು ಗುಲಾಬಿಯಾಗುತ್ತದೆ. ಇದು ಒಣಹುಲ್ಲಿನ ಬಣ್ಣದಲ್ಲಿ ತಿಳಿಯಾಗಿ, ಒಂದೇ ಧಾರೆಯಾಗಿ ಆಲಿಕೆಯೊಳಗೆ ಇಳಿಯಿತು. ಬಟ್ಟಲಿನ ನೀರಿನ ಸದ್ದು ನಿಂತದ್ದು ಅವಳಿಗೆ ಗೊತ್ತಾಯಿತು. ಅವನು ಕೈ ಹೊರಗೆ ತೆಗೆದಿದ್ದ.

‘ಬಣ್ಣ ತಿಳಿಯಾಗಿದೆ’ ಎಂದ.

‘ಹೌದು’ ಎಂದಳು.

ಅವನು ಎದ್ದು ಬಂದು ಪಕ್ಕದಲ್ಲಿ ನಿಂತ. ಬೈಯುತ್ತಾನೆ, ಕಸಿದುಕೊಳ್ಳುತ್ತಾನೆ ಎಂದು ಕಾದಳು. ಬೈದರೆ ಹೇಳಬೇಕಾದದ್ದನ್ನೆಲ್ಲ ಬಸ್ಸಿನಿಂದ ಹಿಡಿದು ಇಲ್ಲಿಯವರೆಗೂ ಕೂಡಿಟ್ಟುಕೊಂಡಿದ್ದಳು. ಅವನು ಬಾಗಿ ಗರಗಸದ ಹಿಡಿಯ ಮೇಲೆ ಅಂಗೈ ಇಟ್ಟ. ಅವನ ಹಿಡಿತಕ್ಕೇ ಸವೆದ ಜಾಗದಲ್ಲಿ, ಹಸುವಿನ ಬೆನ್ನ ಮೇಲೆ ಇಡುವ ಹಾಗೆ, ಸ್ವಲ್ಪ ಹೊತ್ತು ಇಟ್ಟ. ಆಮೇಲೆ ಕೈ ತೆಗೆದ. ‘ನನ್ನ ಕೈಯಲ್ಲಿ ಆಗಲ್ಲ. ನೀನೇ ಎಳಿ’ ಎಂದ. ಅವನು ಹೇಳಿದ್ದು ಬೆರಳಿನ ಗಾಯವನ್ನೋ ಬೇರೆ ಏನನ್ನೋ, ಅವಳು ಕೇಳಲಿಲ್ಲ.

ಇಷ್ಟು ದಿನ ಅರ ಹಿಡಿದವಳು ಒಮ್ಮೆಯೂ ಅದನ್ನು ಚಾಲೂ ಮಾಡಿದವಳಲ್ಲ. ನೆಲಕ್ಕೆ ಒತ್ತಿ, ಕಾಲಲ್ಲಿ ಹಿಂದಿನ ಹಿಡಿಯನ್ನು ತುಳಿದು, ದಾರ ಎಳೆದಳು. ಮೂರನೆಯ ಎಳೆತಕ್ಕೆ ಹತ್ತಿಕೊಂಡಿತು. ಅವನು ಹೇಳಿದ ಹಾಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ವೇಗ ಹೆಚ್ಚಿಸುವ ಕೀಲನ್ನು ಪೂರ್ತಿ ಒತ್ತಿದಳು. ಮೊದಲು ಅದು ಎಂದಿಗಿಂತ ಚೆನ್ನಾಗಿ, ಗಂಟಲು ಬಿಚ್ಚಿ ಕೂಗಿತು. ನಡುಕ ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ, ಅಲ್ಲಿಂದ ದವಡೆಗೆ ಏರಿತು. ಹಲ್ಲಿಗೆ ಹಲ್ಲು ತಾಗಿತು. ಕಣ್ಣ ಮುಂದಿನ ಗೋಡೆ ಎರಡಾಗಿ ಕಾಣಿಸಿತು. ಬಿಟ್ಟುಬಿಡಬೇಕೆನ್ನಿಸಿತು, ಬಿಡಲಿಲ್ಲ. ಅಷ್ಟರಲ್ಲಿ ಸದ್ದು ಬಿಗಿಯಾಯಿತು, ಒಳಗೆ ಏನೋ ಕಿರುಚಿಕೊಂಡಿತು, ಒಂದು ಗಂಟು ಬಿದ್ದ ಹಾಗೆ ತಟಕ್ಕನೆ ನಿಂತಿತು. ಸುಟ್ಟ ಲೋಹದ ವಾಸನೆ ಬಂತು. ಅವಳು ಅದನ್ನು ಮಣೆಯ ಮೇಲೆ ಇಟ್ಟು ತನ್ನ ಕೈಗಳನ್ನು ನೋಡಿಕೊಂಡಳು. ಅಂಗೈ ತುಂಬ ಜುಮ್ಮೆನ್ನುತ್ತಿತ್ತು. ಬೆರಳು ಮಡಿಸಿದರೂ ಅದು ನಿಲ್ಲಲಿಲ್ಲ, ತನ್ನ ಕೈಗಳು ಯಾರದೋ ಎನ್ನುವ ಹಾಗಿತ್ತು.

‘ಇಷ್ಟೊಂದು ಅದುರುತ್ತೇನ್ರೀ ಇದು?’ ಎಂದಳು. ಅವಳ ದನಿಯೂ ನಡುಗುತ್ತಿತ್ತು.

ಅವನು ಬಟ್ಟಲಿನ ಬಿಸಿನೀರನ್ನು ಅವಳ ಮುಂದಕ್ಕೆ ಸರಿಸಿದ.

‘ಮೊದಲು ಅದುರ್ತಿತ್ತು’ ಎಂದ. ‘ಈಗ ನನಗೆ ಗೊತ್ತಾಗಲ್ಲ.’